ನನಗೆ ಬಾರದ ಬಿಕ್ಕಳಿಕೆ

ಸಾಸವಡದ ಬಸ್ಸಿನಲ್ಲಿ ಇವತ್ತು ಮುಂದಿನ ಸೀಟಿನ ಕೂಸಿಗೆ ಬಿಕ್ಕಳಿಕೆ ಹತ್ತಿತು. ತಾಯಿ ಅದನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರತೊಡಗಿದಳು. ನೋಡುತ್ತ ನೋಡುತ್ತ ನನ್ನ ಕಣ್ಣು ಮುಚ್ಚಿದವು.

ನಾನು ಸಣ್ಣವಳಿದ್ದಾಗಿನ, ಚಿಂಚವಾಡದ ನಮ್ಮ ಒಂದೇ ಕೋಣೆಯ ಮನೆ. ತಮ್ಮ ಹಾಲು ಕುಡಿದಾಗೆಲ್ಲ ಬಿಕ್ಕಳಿಸುತ್ತಿದ್ದ. ಅವ್ವನೂ ಹೀಗೇ ಅವನನ್ನು ಹೆಗಲಿಗೇರಿಸಿ, ತೇಗು ಬರುವ ತನಕ ಮೆಲ್ಲಗೆ ಸವರುತ್ತಿದ್ದಳು. ಅವಳ ಬಳೆಯ ಸದ್ದಿಗೆ ನನಗೇ ನಿದ್ದೆ ಬರುತ್ತಿತ್ತು.

"ಅವರಪ್ಪ ಕಾರ್ಖಾನಿಯೊಳಗ ನೆನಸ್ಲಿಕ್ಕತ್ತಾನ," ಎನ್ನುತ್ತಿದ್ದಳು ಅಜ್ಜಿ.

ನನಗೆ ಮಾತ್ರ ಬಿಕ್ಕಳಿಕೆ ಬರುತ್ತಲೇ ಇರಲಿಲ್ಲ. ಒಂದು ಸಂಜೆ ಅಪ್ಪ ಕೈಗೆ ಹತ್ತಿದ ಎಣ್ಣೆ ತೊಳೆಯುವಾಗ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಅಪ್ಪಾ, ತಮ್ಮನ್ನಷ್ಟ ನೆನಸ್ತಿ. ನನ್ನ ನೆನಸೂದಿಲ್ಲೇನು?"

ಅಜ್ಜಿ ನಕ್ಕಳು. "ಹೊಟ್ಟಿಕಿಚ್ಚು ನೋಡೋ ಇಕಿದು!"

ಅಪ್ಪ ನಗಲಿಲ್ಲ. ಒದ್ದೆ ಕೈಯಲ್ಲೇ ನನ್ನ ಮುಂದೆ ಕುಕ್ಕರಿಸಿ ಕೂತ. "ಬಿಕ್ಕಳಿಕಿ ಸಣ್ಣ ಕೂಸಿಗೆ ಬರ್ತದ, ಮಗಳ. ದೊಡ್ಡ ಮಕ್ಕಳನ್ನ ನೆನಸಿದ್ರ ಅವ್ರಿಗೆ ಹಸಿವಾಗ್ತದ. ನಿನಗ ಮಧ್ಯಾಹ್ನ ಹಸಿವಾಗೂದಿಲ್ಲೇನು?"

ಆಗುತ್ತಿತ್ತು. ದಿನಾಲೂ ಆಗುತ್ತಿತ್ತು.

ಕಣ್ಣು ತೆರೆದಾಗ ಕೂಸು ಮಲಗಿತ್ತು. ನನ್ನ ಹೊಟ್ಟೆ ಚುರುಗುಟ್ಟಿತು. ಅಪ್ಪನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಕೇಳಿದ, "ಊಟ ಆತೇನವಾ?"