ಎರಡೂವರೆಯೊಳಗೆ ಒಂದು ಸಹಿ

ಪೇಟೆಯ ಅಂಗಡಿಯವರು ಅವನನ್ನು ಎದುರಿಗೆ ‘ಗ್ರಾಂ ಸಾರ್’ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ‘ಗ್ರಾಂ’. ತೂಕದ ಯಂತ್ರ ರಿಪೇರಿ ಅವನ ಕಸುಬು. ತರಕಾರಿಯವರ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ಯಂತ್ರದವರೆಗೆ ಎಲ್ಲವೂ ಅವನ ಕೈಗೇ ಬರಬೇಕು. ಹಿತ್ತಾಳೆಯ ತೂಕದ ಬಟ್ಟುಗಳನ್ನು ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಮಲಗಿಸಿಟ್ಟಿದ್ದ. ಕೈಬೆವರು ತಾಗಿದರೆ ತೂಕ ಕೆಡುತ್ತದೆಂದು ಚಿಮಟದಲ್ಲಷ್ಟೇ ಅವನ್ನು ಎತ್ತುತ್ತಿದ್ದ. ಎರಡು ಗ್ರಾಂ ಹೆಚ್ಚುಕಮ್ಮಿ ಇದ್ದರೆ ಯಾರು ನೋಡುತ್ತಾರೆ ಬಿಡಿ ಸಾರ್ ಎಂದು ಅಂಗಡಿಯವರು ಹಲ್ಲು ಗಿಂಜಿದರೆ ಅವನದು ಒಂದೇ ಉತ್ತರ: “ನಾನು ನೋಡಿದ್ನಲ್ಲ.”

ಇಂಥವನ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ. ಹೆಂಡತಿ ಒಂಬತ್ತು ವರ್ಷ ಏಗಿದಳು. ಮಾತನ್ನೂ ತೂಗಿ ಆಡುವವನು, ಜಗಳದ ನಡುವೆಯೂ ತೂಗಿಯೇ ಆಡುತ್ತಿದ್ದ. ಅವಳಿಗೆ ಅದು ಜಗಳಕ್ಕಿಂತ ಕಷ್ಟವಾಯಿತು. ಕಡೆಗೆ ಇಬ್ಬರೂ ಬೇರೆಯಾದರು. ಎಂಟು ವರ್ಷದ ಮಗಳು ತಾಯಿಯ ಜೊತೆ ನೂರೆಂಬತ್ತು ಕಿಲೋಮೀಟರ್ ದೂರದ ಇನ್ನೊಂದು ಊರಿಗೆ ಹೋದಳು.

ನ್ಯಾಯಾಲಯ ಅವನಿಗೆ ತಿಂಗಳಲ್ಲಿ ಎರಡು ಗಂಟೆ ಕೊಟ್ಟಿತ್ತು. ಎರಡನೇ ಶನಿವಾರ, ಮಧ್ಯಾಹ್ನ ಎರಡರಿಂದ ನಾಲ್ಕು, ಆ ಊರಿನ ಭೇಟಿ ಕೇಂದ್ರದ ಒಂದು ಕೋಣೆಯಲ್ಲಿ. ಎರಡೂವರೆಯೊಳಗೆ ಅಲ್ಲಿನ ಪುಸ್ತಕದಲ್ಲಿ ತಂದೆಯ ಸಹಿ ಬೀಳಬೇಕು. ಬೀಳದಿದ್ದರೆ ಮಗುವನ್ನು ಮನೆಗೆ ಕಳಿಸಿಬಿಡುತ್ತಾರೆ. ಸಾಲಾಗಿ ಮೂರು ಸಲ ಹಾಗಾದರೆ ಭೇಟಿ ನಿಲ್ಲುತ್ತದೆ, ವಿಷಯ ಮತ್ತೆ ನ್ಯಾಯಾಧೀಶರ ಮುಂದೆ ಹೋಗುತ್ತದೆ. ಅದು ಮುಗಿಯುವುದು ಯಾವ ಕಾಲಕ್ಕೋ ಯಾರಿಗೂ ಗೊತ್ತಿಲ್ಲ.

ಸಾಲಾಗಿ ಎರಡು ಸಲ ಆಗಿಹೋಗಿತ್ತು. ಎರಡು ಸಲವೂ ಕೈಕೊಟ್ಟದ್ದು ದಾರಿಯ ಚಾರ್ಜಿಂಗ್. ಅವನದು ಬ್ಯಾಟರಿ ಕಾರು. ಎಲ್ಲ ತೂಗಿನೋಡಿ, ಕೂಡಿ ಕಳೆದು ಕೊಂಡದ್ದು. ಊರೊಳಗೆ ಅದು ಚಿನ್ನದಂಥ ಗಾಡಿ. ಆದರೆ ನೂರೆಂಬತ್ತು ಕಿಲೋಮೀಟರಿಗೆ ನಡುವೆ ಒಂದು ಸಲ ಚಾರ್ಜ್ ಮಾಡದೆ ಆಗುವುದಿಲ್ಲ. ಮೊದಲ ಸಲ ಅವನ ಮುಂದೆ ನಾಲ್ಕು ಕಾರು ಇದ್ದವು. ಎರಡನೇ ಸಲ ಯಂತ್ರ ಅರ್ಧಕ್ಕೆ ನಿಂತು, ಮತ್ತೆ ಏಳಲೇ ಇಲ್ಲ. ಕಾರಿನ ನೆಪ ಹೇಳುತ್ತಾನೆ ಎಂದು ಹೆಂಡತಿಯಾಗಿದ್ದವಳು ವಕೀಲರಿಗೆ ಹೇಳಿದಳಂತೆ. ಪುಸ್ತಕದಲ್ಲಿ ಎರಡು ತಿಂಗಳೂ ಒಂದೇ ಸಾಲು ಬಿದ್ದಿತ್ತು: ‘ತಂದೆ ಲಭ್ಯವಿರಲಿಲ್ಲ.’

ಬಸ್ಸಿನಲ್ಲಿ ಹೋಗಬಾರದಿತ್ತೇ ಎಂದು ಕೇಳುವವರಿಗೆ: ನೇರ ಬಸ್ಸು ನಿಂತು ವರ್ಷವಾಗಿತ್ತು. ಎರಡು ಕಡೆ ಇಳಿದು ಹತ್ತಿ ಹೋದರೆ ಸಂಜೆಯೇ. ಮೂರನೇ ಸಲಕ್ಕೆ ಅವನು ಮಾನ ಬಿಟ್ಟು ಭಾವನ ಪೆಟ್ರೋಲ್ ಕಾರು ಕೇಳಿದ್ದ. ಭಾವನೂ ಒಪ್ಪಿದ್ದ. ಆ ದಿನ ಬೆಳಿಗ್ಗೆ ಏಳಕ್ಕೆ ಅಕ್ಕ ಫೋನ್ ಮಾಡಿ, ಭಾವನ ಕಾರಿನ ಕ್ಲಚ್ ಹೋಗಿದೆ, ಗಾಡಿ ಗೇಟು ದಾಟುತ್ತಿಲ್ಲ ಎಂದಳು. ಗ್ರಾಂ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ತನ್ನ ಕಾರಿನ ವೈರು ಕಿತ್ತ. ಪರದೆಯ ಮೇಲೆ ನೂರು ಪರ್ಸೆಂಟ್ ಇತ್ತು. ಎಂಟೂವರೆಗೆ ಹೊರಟ.

ನೂರಾ ಐದನೇ ಕಿಲೋಮೀಟರಿನಲ್ಲಿ ಮೊದಲ ಚಾರ್ಜಿಂಗ್ ಜಾಗ. ಒಂದು ಹೋಟೆಲಿನ ಹಿತ್ತಲಿನಲ್ಲಿ ಮೂರು ಯಂತ್ರ. ಮೂರೂ ‘ಲಭ್ಯವಿದೆ’ ಎಂದು ಅವನ ಫೋನು ಹಸಿರು ಅಕ್ಷರದಲ್ಲಿ ಹೇಳುತ್ತಿತ್ತು. ಹೋಗಿ ನೋಡಿದರೆ ಒಂದರ ಪರದೆ ಕಪ್ಪು, ಒಂದರ ವೈರನ್ನು ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಮೂರನೆಯದು ನೋಡಲು ಲಕ್ಷಣವಾಗಿತ್ತು. ವೈರಿನ ತುದಿಯ ಗನ್ ಕಾರಿಗೆ ಸಿಕ್ಕಿಸಿದ ಕೂಡಲೇ ‘ದಯವಿಟ್ಟು ನಿರೀಕ್ಷಿಸಿ’ ಎನ್ನುತ್ತಿತ್ತು, ಎರಡು ನಿಮಿಷಕ್ಕೆ ‘ಸಂಪರ್ಕ ವಿಫಲ’ ಎನ್ನುತ್ತಿತ್ತು. ಸಹಾಯವಾಣಿಗೆ ಕರೆ ಮಾಡಿದರೆ ಅವನ ಕರೆ ಎಷ್ಟು ಅಮೂಲ್ಯ ಎಂದು ಹನ್ನೊಂದು ನಿಮಿಷ ಹಾಡಿತು. ಕೊನೆಗೆ ಸಿಕ್ಕ ಹುಡುಗಿ ಗನ್ ತೆಗೆದು ಮತ್ತೆ ಹಾಕಿ ಎಂದಳು. ಹಾಕಿದ. ಕಾರು ಲಾಕ್ ಮಾಡಿ ತೆರೆಯಿರಿ ಎಂದಳು. ತೆರೆದ. ಹಾಗಾದರೆ ದೂರು ದಾಖಲಿಸುತ್ತೇನೆ, ಎರಡು ಕೆಲಸದ ದಿನಗಳಲ್ಲಿ ಸರಿಯಾಗುತ್ತದೆ ಎಂದಳು.

ಸತ್ತ ಯಂತ್ರಕ್ಕೆ ಲಭ್ಯ ಎನ್ನುತ್ತಾರೆ, ಬದುಕಿರುವ ಅಪ್ಪನಿಗೆ ಲಭ್ಯವಿಲ್ಲ ಎನ್ನುತ್ತಾರೆ. ಪೇಟೆಯಲ್ಲಿ ಯಾರಾದರೂ ಹೀಗೆ ಸುಳ್ಳು ತೋರಿಸುವ ಯಂತ್ರ ಇಟ್ಟಿದ್ದರೆ ಗ್ರಾಂ ಅದರ ಮುಳ್ಳು ಕಿತ್ತು ಕೈಗೆ ಕೊಡುತ್ತಿದ್ದ. ಇಲ್ಲಿ ಬೈಯಲೂ ಎದುರಿಗೆ ಆಳಿಲ್ಲ. ಹನ್ನೊಂದೂ ಮುಕ್ಕಾಲು ಆಗಿತ್ತು. ಮುಂದಿನ ಜಾಗ ಇಪ್ಪತ್ತೆರಡು ಕಿಲೋಮೀಟರ್. ಎದುರುಗಾಳಿ ಬೇರೆ. ಚಾರ್ಜ್ ಉಳಿಸಲೆಂದು ಎ.ಸಿ. ಆರಿಸಿ, ಕಿಟಕಿ ಏರಿಸಿ, ಲಾರಿಯೊಂದರ ಬೆನ್ನಿಗೆ ಅಂಟಿಕೊಂಡು, ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ ಓಡಿಸಿದ. ಅಲ್ಲಿಗೆ ಮುಟ್ಟುವಾಗ ಕಾರಿನಲ್ಲಿ ಆರು ಪರ್ಸೆಂಟ್ ಉಳಿದಿತ್ತು. ಆಗ ಹನ್ನೆರಡೂ ಕಾಲು.

ಅಲ್ಲೂ ಹೋಟೆಲಿನ ಹಿತ್ತಲೇ, ಆದರೆ ಇದ್ದದ್ದು ಒಂದೇ ಯಂತ್ರ. ಕೆಲಸ ಮಾಡುವ ಗನ್ನೂ ಒಂದೇ. ಅದು ಒಂದು ಬಿಳಿ ಕಾರಿನ ಹೊಟ್ಟೆಗೆ ಸಿಕ್ಕಿಕೊಂಡಿತ್ತು. ಕಾರಿನ ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು. ಒಳಗೆ ಜನವಿಲ್ಲ. ಯಂತ್ರದ ಪರದೆಯಲ್ಲಿ ಎಂಬತ್ತೊಂದು ಪರ್ಸೆಂಟ್, ನೂರಾಗಲು ಇನ್ನು ನಲವತ್ತೆಂಟು ನಿಮಿಷ. ಎಂಬತ್ತು ದಾಟಿದ ಮೇಲೆ ಕರೆಂಟು ತೊಟ್ಟಿಕ್ಕುತ್ತದೆ ಎಂಬುದು ಬ್ಯಾಟರಿ ಕಾರು ಇಟ್ಟುಕೊಂಡ ಪ್ರತಿಯೊಬ್ಬರಿಗೂ ಗೊತ್ತು. ಹಿಂದೆ ಯಾರಾದರೂ ಕಾಯುತ್ತಿದ್ದರೆ ಎಂಬತ್ತಕ್ಕೆ ಬಿಟ್ಟುಕೊಡುವುದು ಮರ್ಯಾದೆ. ಆದರೆ ಬಿಟ್ಟುಕೊಡಲು ಕಾರಿನವರು ಅಲ್ಲಿರಬೇಕಲ್ಲ.

ಗ್ರಾಂ ಲೆಕ್ಕ ಹಾಕಿದ. ಉಳಿದದ್ದು ಐವತ್ತಮೂರು ಕಿಲೋಮೀಟರ್, ಊರೊಳಗಿನ ಗದ್ದಲ ಸೇರಿ ಒಂದೂಕಾಲು ಗಂಟೆ. ತನಗೆ ಬೇಕಾದಷ್ಟು ಚಾರ್ಜಿಗೆ ಇಪ್ಪತ್ತೈದು ನಿಮಿಷ. ಈಗಲೇ ಗನ್ ಸಿಕ್ಕರೆ ಎರಡಕ್ಕೆ ಮುಟ್ಟುತ್ತಾನೆ. ನಲವತ್ತೆಂಟು ನಿಮಿಷ ಕಾದರೆ ಎರಡೂ ಮುಕ್ಕಾಲು. ಹೇಗೆ ತೂಗಿದರೂ ಮುಳ್ಳು ಅದೇ ಕಡೆ ವಾಲಿತು. ಹೋಟೆಲಿನೊಳಗೆ ಓಡಿ, ಬಿಳಿ ಕಾರು ಯಾರದು ಎಂದು ಎರಡು ಸಲ ಕೂಗಿದ. ನಾಲ್ಕು ತಲೆ ಎತ್ತಿ ನೋಡಿ ಮತ್ತೆ ತಟ್ಟೆಗೆ ಬಗ್ಗಿದವು. ಬಾಡಿಗೆ ಕಾರಿಗಾಗಿ ಫೋನು ಒತ್ತಿದರೆ ಪರದೆಯ ಚಕ್ರ ಸುತ್ತುತ್ತಲೇ ಇತ್ತು, ಕಾರು ಸಿಗಲಿಲ್ಲ. ರಸ್ತೆಗಿಳಿದು ಕೈ ಅಡ್ಡ ಹಾಕಿದರೆ ಲಾರಿಗಳು ಹಾರ್ನ್ ಹೊಡೆದು ಹೋದವು.

ಹನ್ನೆರಡೂವರೆಗೆ ಅವನು ವಾಪಸು ಯಂತ್ರದ ಮುಂದೆ ಬಂದು ನಿಂತ. ಕಣ್ಣು ಅದರ ಹೊಟ್ಟೆಯ ಮೇಲಿನ ದಪ್ಪ ಕೆಂಪು ಗುಂಡಿಗೆ ಹೋಯಿತು. ಬೆಂಕಿ ಹತ್ತಿದರೆ, ಯಾರಿಗಾದರೂ ಶಾಕ್ ಹೊಡೆದರೆ ಒತ್ತುವ ಗುಂಡಿ. ಒತ್ತಿದರೆ ಕರೆಂಟು ನಿಲ್ಲುತ್ತದೆ, ಕರೆಂಟು ನಿಂತರೆ ಗನ್ ಸಡಿಲವಾಗುತ್ತದೆ ಎಂದು ಯಾರೋ ಎಲ್ಲಿಯೋ ಬರೆದದ್ದನ್ನು ಅವನು ಓದಿದ್ದ. ಇನ್ನೊಬ್ಬರ ತಕ್ಕಡಿಯನ್ನು ಕೇಳದೆ ಮುಟ್ಟದವನು ಅತ್ತಿತ್ತ ನೋಡಿದ. ಹಿತ್ತಲಿನಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಂಗೈಯಿಂದ ಗುಂಡಿ ಒತ್ತಿದ.

ಯಂತ್ರದ ಗುಂಯ್‌ಗುಟ್ಟುವಿಕೆ ಥಟ್ಟನೆ ನಿಂತಿತು. ಗನ್ ಹಿಡಿದು ಎಳೆದ, ಬರಲಿಲ್ಲ. ಕಾಲು ಊರಿ ಎಳೆದ, ಕಾರೇ ಅಲ್ಲಾಡಿತು. ಅದನ್ನು ಹಿಡಿದಿದ್ದ ಕೊಂಡಿ ಯಂತ್ರದಲ್ಲಿರಲಿಲ್ಲ, ಕಾರಿನಲ್ಲಿತ್ತು. ಅದು ಕಾರಿನವರ ಕೀಲಿಗಷ್ಟೇ ಬಿಡುತ್ತಿತ್ತು. ಗುಂಡಿಯನ್ನು ತಿರುಗಿಸಿ ಮೇಲೆಬ್ಬಿಸಿದ. ಪರದೆ ಕೆಂಪಾಗಿ, ‘ತುರ್ತು ನಿಲುಗಡೆ, ತಂತ್ರಜ್ಞರನ್ನು ಸಂಪರ್ಕಿಸಿ’ ಎಂದಿತು. ಸಹಾಯವಾಣಿಯವರು ಮೂರು ಗಂಟೆಯಲ್ಲಿ ಜನ ಕಳಿಸುತ್ತೇವೆ ಎಂದರು. ಇದ್ದ ಒಂದೇ ಗನ್ನನ್ನೂ ತನ್ನ ಕೈಯಾರೆ ಕೊಂದಿದ್ದ. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ.

ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು ಐವತ್ತು ದಾಟಿದ ಹೆಂಗಸು. ಕಾರು ಕಲಿಸುವ ಟೀಚರ್. ಪರದೆ ನೋಡಿ ಅವಳ ಹುಬ್ಬು ಗಂಟಾಯಿತು. ಏನಾಯಿತು ಎಂದು ಕೇಳಿದಳು.

“ಯಾರೋ ಒತ್ತಿ ಹೋಗಿದ್ದಾರೆ ಅನ್ಸುತ್ತೆ. ನಾನು ಬರೋವಾಗ್ಲೇ ಹೀಗಿತ್ತು,” ಎಂದ.

ತನ್ನ ಬಾಯಿಂದ ಬಂದ ಮಾತು ಕೇಳಿ ಅವನಿಗೇ ನಾಚಿಕೆಯಾಯಿತು. ಆದರೆ ನಾಲಗೆ ಅಲ್ಲಿಗೆ ನಿಲ್ಲದೆ ಉಳಿದದ್ದನ್ನೂ ಹೇಳಿತು: ಮಗಳು, ಪುಸ್ತಕ, ಎರಡೂವರೆ, ಎರಡು ಸಲ ತಪ್ಪಿದ್ದು. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿ ವರ್ಷಗಳಾಗಿದ್ದವು. ಅವಳು ಫೋನು ತೆಗೆದು ನೋಡಿದಳು, ಅವನ ಮುಖ ನೋಡಿದಳು, ಕೀಲಿ ಒತ್ತಿ ಗನ್ ಬಿಡಿಸಿದಳು. ತನ್ನ ದಾರಿ ಹದಿನೈದು ಕಿಲೋಮೀಟರ್ ಆದ ಮೇಲೆ ಎಡಕ್ಕೆ ಹೊರಳುತ್ತದೆ, ಮೂರಕ್ಕೆ ಪಾಠವಿದೆ, ಆ ಕೂಡುರಸ್ತೆಯವರೆಗೆ ಬಿಡುತ್ತೇನೆ, ಅಲ್ಲಿ ಏನಾದರೂ ಸಿಕ್ಕೀತು ಎಂದಳು. ಒಂದು ಗಂಟೆಗೆ ಹೊರಟರು. ಗ್ರಾಂನ ಕಾರು ಆರು ಪರ್ಸೆಂಟ್ ಇಟ್ಟುಕೊಂಡು ಅಲ್ಲೇ ಉಳಿಯಿತು.

ಕಲಿಸುವ ಕಾರಾದ್ದರಿಂದ ಅವನು ಕೂತ ಕಡೆ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಟೀಚರ್ ಕೂರುವ ಜಾಗ ಅದು. ಎದುರಿನಿಂದ ಟ್ಯಾಂಕರೊಂದು ನುಗ್ಗಿ ಬಂದಾಗ ಅವನ ಕಾಲು ತಾನಾಗಿ ಅದನ್ನು ಒತ್ತಿತು. ಕಾರು ಮುಗ್ಗರಿಸಿತು, ಹಿಂದಿನವನು ಹಾರ್ನ್ ಹೊಡೆದ.

“ಕಾಲು ಮಡಚಿಕೊಂಡು ಕೂತ್ಕೊಳ್ಳಿ,” ಎಂದಳು ಟೀಚರ್. “ನನ್ನ ಕಾರಲ್ಲಿ ಬ್ರೇಕ್ ಹಾಕೋಳು ನಾನೊಬ್ಳೇ.”

ಅವನು ಶಾಲೆಯ ಹುಡುಗನಂತೆ ಎರಡೂ ಪಾದ ಹಿಂದಕ್ಕೆಳೆದುಕೊಂಡ. ಗುಂಡಿ ಒತ್ತಿದ್ದು ನಾನೇ ಎಂದು ಹೇಳಿಬಿಡೋಣವೆಂದು ಬಾಯಿ ತೆರೆದ. ಹೇಳಿದರೆ ಇಲ್ಲೇ ಇಳಿಸಿಬಿಟ್ಟರೆ ಎಂದು ಮುಚ್ಚಿದ. ಎರಡು ಗ್ರಾಮಿಗೆ ಊರೆಲ್ಲ ಜಗಳವಾಡಿದವನಿಗೆ ಈಗ ಒಂದು ಮಾತನ್ನು ನೆಟ್ಟಗೆ ಆಡಲು ಆಗಲಿಲ್ಲ.

ಕೂಡುರಸ್ತೆ ಬಂತು. ಅವನು ಚೀಲ ಹೆಗಲಿಗೇರಿಸಿ ಬಾಗಿಲ ಹಿಡಿಗೆ ಕೈ ಹಾಕಿದ. ರಸ್ತೆ ಬರಿದಾಗಿತ್ತು. ಮುಚ್ಚಿದ ಒಂದು ಅಂಗಡಿ, ಬಿಸಿಲಿಗೆ ಮಲಗಿದ ಒಂದು ನಾಯಿ, ಇನ್ನೇನೂ ಇರಲಿಲ್ಲ. ಟೀಚರ್ ಎಡಗಡೆಯ ಇಂಡಿಕೇಟರ್ ಹಾಕಿದಳು. ಟಿಕ್ ಟಿಕ್ ಎಂದು ಅದು ಏಳೆಂಟು ಸಲ ಬಡಿಯಿತು. ಆಮೇಲೆ ಅವಳು ಅದನ್ನು ಆರಿಸಿ ನೇರ ಹೋದಳು. ಸ್ವಲ್ಪ ದೂರ ಹೋದ ಮೇಲೆ ಮೂರರ ಪಾಠದವರಿಗೆ ಫೋನ್ ಮಾಡಿ ಇವತ್ತು ಕ್ಲಾಸಿಲ್ಲ ಎಂದಳು.

ಊರೊಳಗೆ ಸಿಗ್ನಲ್ ಮೇಲೆ ಸಿಗ್ನಲ್. ಎರಡು ಹತ್ತಕ್ಕೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ, ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ಗ್ರಾಂ ಎಣಿಸಿದ. ಐವತ್ತೆಂಟು. ಗೇಟು ಎದ್ದಾಗ ಎರಡು ಹದಿನೇಳು. ಕೇಂದ್ರದ ಬೀದಿಯ ತುದಿಗೆ ಬಂದಾಗ ಎರಡು ಇಪ್ಪತ್ತನಾಲ್ಕು. ಅವನು ಬಾಗಿಲು ತೆಗೆದು ಒಂದು ಕಾಲು ನೆಲಕ್ಕಿಟ್ಟ. ಹೇಳಲೇಬೇಕು ಎಂದು ತಿರುಗಿದ.

“ಮೇಡಂ, ಒಂದು ಮಾತು...”

“ಚಾರ್ಜಿಂಗ್ ಯಾವಾಗ ನಿಂತಿತು ಅಂತ ಫೋನಿಗೆ ಮೆಸೇಜು ಬರುತ್ತೆ ಕಣ್ರಿ,” ಎಂದಳು ಅವಳು, ಮುಂದಿನ ರಸ್ತೆಯನ್ನೇ ನೋಡುತ್ತ. “ಹನ್ನೆರಡೂ ಮೂವತ್ತೊಂದಕ್ಕೆ ಬಂತು. ಆಗ ನಾನು ಹೋಟೆಲಿನ ಕಿಟಕಿ ಹತ್ರಾನೇ ಕೂತಿದ್ದೆ. ಹಿತ್ತಲಲ್ಲಿ ಇದ್ದೋರು ನೀವೊಬ್ರೇ.”

ಹಾಗಾದರೆ ಗ್ರಾಂ ಬಿಳಿ ಕಾರು ಯಾರದು ಎಂದು ಕೂಗಿದ್ದೂ ಅವಳಿಗೆ ಕೇಳಿತ್ತು. ಕೇಳಿಯೂ ಎದ್ದಿರಲಿಲ್ಲ. ಅದನ್ನೂ ಅವಳೇ ಹೇಳಿದಳು.

“ನೀವು ಕೂಗಿದ್ದು ಕೇಳಿಸ್ತು. ಊಟ ಮುಗಿಸಿ ಏಳೋಣ ಅಂತ ಕೂತ್ಬಿಟ್ಟೆ. ಹೋಗಿ ಈಗ, ಟೈಮಾಯ್ತು.”

ಕ್ಷಮೆ ಕೇಳಬೇಕಾದವರು ಯಾರು ಎಂದು ತೂಗಲು ಸಮಯವಿರಲಿಲ್ಲ. ಅವನು ಓಡಿದ. ಮೆಟ್ಟಿಲು ಹತ್ತುವಾಗ ಒಂದು ಚಪ್ಪಲಿ ಕಳಚಿತು, ಅದನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದ. ಮೇಲ್ವಿಚಾರಕಿ ಗಡಿಯಾರ ನೋಡಿ, ಪುಸ್ತಕ ತಿರುಗಿಸಿ ಅವನ ಮುಂದಿಟ್ಟಳು. ಅವಳು ಆಗಲೇ ‘ತಂದೆ’ ಎಂದು ಬರೆದು ಪೆನ್ನು ಹಿಡಿದಿದ್ದಳು. ಎರಡು ಇಪ್ಪತ್ತೇಳಕ್ಕೆ ಸಹಿ ಬಿತ್ತು. ಅವಸರಕ್ಕೆ ಅದು ಯಾರ ಸಹಿಯೋ ಎಂಬಂತಿತ್ತು. ಮೂರನೇ ಬಾಗಿಲು ಎಂದಳು ಮೇಲ್ವಿಚಾರಕಿ.

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಗಿಡ್ಡ ಮೇಜು, ಬಣ್ಣದ ಪೆನ್ಸಿಲು ತುಂಬಿದ ಡಬ್ಬಿ, ನಾಲ್ಕು ಪುಟ್ಟ ಕುರ್ಚಿ. ಮಗಳು ಬಾಗಿಲಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಚೀಲ ಆಗಲೇ ಹೆಗಲಿಗೇರಿತ್ತು. ಶೂ ದಾರ ಬಿಗಿಯಾಗಿ ಕಟ್ಟಿತ್ತು. ಡಬ್ಬಿಯ ಪೆನ್ಸಿಲು ಒಂದೂ ಹೊರಗೆ ಬಂದಿರಲಿಲ್ಲ.

ಹೆಜ್ಜೆಯ ಸಪ್ಪಳ ಕೇಳಿ ಅವಳು ಕುರ್ಚಿಯಿಂದ ಜಾರಿ ನಿಂತಳು. ತಿರುಗಿ ನೋಡಲಿಲ್ಲ.

“ಬಂದ್ಯಾ ಅಮ್ಮ?” ಎಂದಳು. “ನಡಿ, ಮನೆಗೆ ಹೋಗೋಣ.”