ಐದನೆಯವನ ಜಾಗ

ಬೆಳಕು ಹರಿಯುವ ಹೊತ್ತು. ಮ್ಯೂಸಿಯಂನ ದೊಡ್ಡ ಹಾಲ್‌ಗೆ ಗುಂಡಣ್ಣ ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಾರೆ. ಮರದ ಆಸರೆಗಳ ಮೇಲೆ ನಿಂತಿರುವ ಹಾಯಿದೋಣಿಯ ಹೊಟ್ಟೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ. ಒಳಗಿನ ಧೂಳಿಗೆ ಉದ್ದ ಕೋಲಿನ ಕುಂಚ. ದೋಣಿಯೊಳಗೆ ಯಾರೂ ಕಾಲಿಡುವಂತಿಲ್ಲ.

ಗೋಡೆಯ ಮೇಲೆ ಈ ದೋಣಿ ಚಾಂಪಿಯನ್ ಆದ ದಿನದ ಫೋಟೊ ಇದೆ. ಕಪ್ ಹಿಡಿದು ನಾಲ್ವರು ನಗುತ್ತಿದ್ದಾರೆ. ತಂಡದಲ್ಲಿದ್ದವರು ಐವರು. ಐದನೆಯವರೇ ಗುಂಡಣ್ಣ.

ಆಗ ಅವರು ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಎರಡಾಳು ತೂಕದ ತರುಣ. ಹೆಸರೂ ದೋಣಿಯವರಿಟ್ಟದ್ದೇ. ಗಾಳಿ ಜೋರಾದಾಗ ದೋಣಿ ಮಗುಚದಂತೆ ಅಂಚಿನಲ್ಲಿ ಕೂತು, ಮೈಯನ್ನು ನೀರಿನ ಮೇಲೆ ಚಾಚುವುದು ಅವರ ಕೆಲಸ. ಕೊನೆಯ ಪಂದ್ಯದ ಬೆಳಿಗ್ಗೆ ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಅಂಥ ದಿನ ದೋಣಿ ಹಗುರವಿದ್ದಷ್ಟೂ ಓಟ ಹೆಚ್ಚು.

"ಕ್ಯಾಪ್ಟನ್ ಇಳಿ ಅನ್ಲಿಲ್ಲ," ಎನ್ನುತ್ತಾರೆ ಗುಂಡಣ್ಣ. " ನನ್ನ ಮುಖ ನೋಡಿದ್ರು ಅಷ್ಟೆ. ನಾನೇ ಇಳಿದೆ. ದಡದಲ್ಲಿ ಚಳಿ ಅಂತ ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದ್ರು."

ದೋಣಿ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಗೆದ್ದ ಮೇಲೆ ಅದನ್ನು ನೀರಿಗಿಳಿಸಲೇ ಇಲ್ಲ, ನೇರ ಇಲ್ಲಿಗೆ ತಂದರು. ಅದರ ಹಿಂದೆಯೇ ಗುಂಡಣ್ಣನೂ ಬಂದು ಕಸಗುಡಿಸುವ ಕೆಲಸಕ್ಕೆ ಸೇರಿದರು.

"ಇವರು ಇಳಿದಿದ್ದಕ್ಕೇ ಅದು ಗೆದ್ದಿದ್ದು!" ಟಿಕೆಟ್ ಕೌಂಟರ್‌ನಲ್ಲಿ ಕೂರುವ ಹೆಂಡತಿ ನಗುತ್ತಾರೆ. "ಮದುವೆಯಾದಾಗಿಂದ ಹೇಳ್ತಿದ್ದೀನಿ, ಆದ್ರೂ ಮುಖ ಊದಿಸ್ಕೋತಾರೆ."

"ನೀನು ಸುಮ್ನೆ ಟಿಕೆಟ್ ಹರಿಯೇ."

ನಾಳೆ ದೋಣಿಯ ಸುತ್ತ ಗಾಜು ಬರುತ್ತದೆ. ಆಮೇಲೆ ಬಟ್ಟೆಯೂ ಬೇಡ, ಕುಂಚವೂ ಬೇಡ. ಗುಂಡಣ್ಣನಿಗೆ ಇಷ್ಟು ವರ್ಷ ಇದ್ದದ್ದು ಒಂದೇ ಆಸೆ: ತಮ್ಮ ಜಾಗದಲ್ಲಿ ಒಮ್ಮೆ ಕೂರಬೇಕು. ಅದನ್ನು ಅವರು ಯಾರಲ್ಲೂ ಕೇಳಿದವರಲ್ಲ, ಹೆಂಡತಿಯೇ ಹೇಳಿರಬೇಕು. ಇವತ್ತು ಮ್ಯೂಸಿಯಂ ಉಸ್ತುವಾರಿಯ ಮೇಡಂ ತಾವೇ ಏಣಿ ತಂದು ನಿಲ್ಲಿಸುತ್ತಾರೆ.

"ಹತ್ತಿ ಗುಂಡಣ್ಣ. ನಾನು ಆ ಕಡೆ ತಿರುಗಿ ನಿಂತ್ಕೋತೀನಿ."

ಗುಂಡಣ್ಣ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹತ್ತುತ್ತಾರೆ. ಒಂದು ಪಾದವನ್ನು ಅಂಚಿನ ಮೇಲೆ ಊರುತ್ತಾರೆ. ಒಣಗಿದ ಮರ ಕಿರ್ರೆನ್ನುತ್ತದೆ. ಅವರು ಪಾದ ಹಿಂದಕ್ಕೆ ತೆಗೆಯುತ್ತಾರೆ. ಸ್ವಲ್ಪ ಹೊತ್ತು ಏಣಿಯ ಮೇಲೆ ಹಾಗೆಯೇ ನಿಂತು ತಮ್ಮ ಜಾಗವನ್ನು ನೋಡುತ್ತಾರೆ. ಆಮೇಲೆ ಹೆಗಲ ಬಟ್ಟೆ ತೆಗೆದು, ಪಾದ ಊರಿದ್ದಲ್ಲಿ ಒರೆಸುತ್ತಾರೆ.

"ಯಾಕ್ರೀ?" ಏಣಿಯ ಬಳಿ ಬಂದ ಹೆಂಡತಿಯ ದನಿಯಲ್ಲೀಗ ತಮಾಷೆಯಿಲ್ಲ.

"ಈಗಲೂ ನಾನು ಭಾರಾನೇ ಕಣೇ," ಎನ್ನುತ್ತಾ ಗುಂಡಣ್ಣ ಇಳಿಯುತ್ತಾರೆ. "ಏಣಿ ಹಿಡ್ಕೋ."