ಕಲೀಮುಲ್ಲಾ ಸಾಹೇಬರ ಅಪ್ಪನ ಅಂಗಡಿ

ಕಲೀಮುಲ್ಲಾ ಸಾಹೇಬರನ್ನು ನಾನು ಮೊದಲು ನೋಡಿದ್ದು ಹೋದ ಬೇಸಿಗೆಯಲ್ಲಿ, ದೋಣಿಗಲ್ ಹತ್ತಿರದ ಹಳೆಯ ಗಾಡಿ ರಸ್ತೆಯ ಪಕ್ಕದಲ್ಲಿ. ಕಾಲೇಜಿನ ಮಕ್ಕಳು ಅಲ್ಲಿ ನೆಲ ಅಗೆದು ಹಿಂದಿನವರ ಬದುಕು ತಿಳಿದುಕೊಳ್ಳುವ ಶಿಬಿರ ಹೂಡಿದ್ದರು. ಅಡುಗೆ ನನ್ನದು. ಸಾಹೇಬರು ತಮ್ಮ ಜೀಪಿನಲ್ಲಿ ಅಕ್ಕಿ, ತರಕಾರಿ ತಂದಿದ್ದರು. ಮೂಟೆ ಇಳಿಸಿದವರು ನನ್ನ ಕಡೆ ನೋಡದೆ ನೇರವಾಗಿ ಹೋಗಿ, ಗೂಟ ಹೊಡೆದು ದಾರ ಕಟ್ಟಿದ್ದ ಚೌಕದ ಅಂಚಿನಲ್ಲಿ ನಿಂತರು. ಎಪ್ಪತ್ತರ ಆಸುಪಾಸಿನ ಮನುಷ್ಯ, ನನಗಿಂತ ಐದಾರು ವರ್ಷಕ್ಕೆ ಚಿಕ್ಕವರು. ಗಡ್ಡ ಬೆಳ್ಳಗಾಗಿತ್ತು, ತೋಳು ಮಾತ್ರ ಲಾರಿ ಓಡಿಸಿದವರ ತೋಳಾಗಿಯೇ ಉಳಿದಿತ್ತು.

“ಇದು ನಮ್ಮಪ್ಪನ ಅಂಗಡಿ ಕಣಮ್ಮ,” ಎಂದರು.

ಗೊತ್ತು, ಚಿಕ್ಕವಳಿದ್ದಾಗ ಎಸ್ಟೇಟಿನ ಕೂಲಿ ಲೈನಿನಿಂದ ಇಲ್ಲಿಗೇ ಉಪ್ಪಿಗೆ ಬರುತ್ತಿದ್ದೆ ಎಂದೆ. ಆಗ ತಿರುಗಿ ನೋಡಿದರು. ಆ ಅಂಗಡಿಯನ್ನು ಕಣ್ಣಾರೆ ಕಂಡವರು ಬೇರೆ ಯಾರೂ ಉಳಿದಿಲ್ಲವೆಂದು ಅವರು ತಿಳಿದಿದ್ದರು. ಅಂದಿನಿಂದ ನಾನು ಅವರಿಗೆ ಈರಕ್ಕ.

ಜಾಗ ತೋರಿಸಿದ್ದು ಅವರ ಮೊಮ್ಮಗಳು ಅರ್ಷಿಯಾ. ಶಿಬಿರದ ಮಕ್ಕಳಲ್ಲಿ ಅವಳೂ ಒಬ್ಬಳು. ಗುಡಿ, ಕೋಟೆ, ಶಾಸನಗಳನ್ನು ಹುಡುಕುವವರು ಬೇಕಾದಷ್ಟು ಜನ ಇದ್ದಾರೆ, ಗಾಡಿ ಹೊಡೆದವರು, ಕೂಲಿ ಮಾಡಿದವರು, ಸಣ್ಣ ವ್ಯಾಪಾರದವರು ಇದ್ದ ಜಾಗವನ್ನೂ ನೋಡಬೇಕು ಎನ್ನುವುದು ಪಾಠ ಹೇಳುವ ವಾಣಿ ಮೇಡಂ ಅವರ ಮಾತು. ಹಾಗಾದರೆ ನಮ್ಮ ದಾದಾನ ಅಪ್ಪನ ಅಂಗಡಿ ನೋಡಿ ಎಂದು ಅರ್ಷಿಯಾ ಕರೆದುಕೊಂಡು ಬಂದಿದ್ದಳು.

ಸಾಹೇಬರ ಕತೆ ನನಗೆ ತಿಳಿದದ್ದು ಅಕ್ಕಿ ಆರಿಸುವ ಹೊತ್ತಿನಲ್ಲಿ, ತುಂಡು ತುಂಡಾಗಿ. ಅವರು ಮೂರು ವರ್ಷದ ಮಗುವಾಗಿದ್ದಾಗ ತಂದೆ ಜ್ವರದಲ್ಲಿ ಹೋದರು. ತಾಯಿ ಮಗುವನ್ನು ಎತ್ತಿಕೊಂಡು ಸಕಲೇಶಪುರಕ್ಕೆ ಹೋಗಿ ಮನೆಗೆಲಸ ಹಿಡಿದರು. ಮುಚ್ಚಿದ ಅಂಗಡಿಯ ಮೇಲೆ ಲಂಟಾನ ಬೆಳೆಯಿತು. ಹುಡುಗ ಲಾರಿ ಕ್ಲೀನರ್ ಆದ, ಡ್ರೈವರ್ ಆದ. ಕಾಫಿ ಮೂಟೆ ತುಂಬಿಕೊಂಡು ಮಂಗಳೂರಿಗೆ ಹೋಗುವಾಗಲೆಲ್ಲ ಈ ತಿರುವಿನಲ್ಲಿ ಒಂದು ಸಲ ಹಾರನ್ ಹೊಡೆಯುತ್ತಿದ್ದರಂತೆ.

ಮದುವೆಯಾದದ್ದು ಕಾಫಿ ವ್ಯಾಪಾರದವರ ಮನೆಯ ಅಖ್ತರುನ್ನೀಸಾ ಅವರನ್ನು. ಆಕೆ ಒಳ್ಳೆಯ ಹೆಂಗಸು. ಆಕೆಯ ಅಣ್ಣ ಮಾತ್ರ, ಡ್ರೈವರಿಗೆ ತಂಗಿಯನ್ನು ಕೊಟ್ಟೆವು ಎನ್ನುವುದನ್ನು ಯಾವ ಹಬ್ಬದಲ್ಲೂ ಮರೆಯುತ್ತಿರಲಿಲ್ಲ. ಅದಕ್ಕೆ ಸಾಹೇಬರ ಹತ್ತಿರ ಇದ್ದ ಉತ್ತರ ಒಂದೇ. ನಮ್ಮಪ್ಪನದು ಘಾಟಿಯ ಮೇಲೆ ಹೆಂಚಿನ ಅಂಗಡಿ, ಒಳಗೆ ಮೂರು ಕೋಣೆ, ಮುಂದೆ ಗಾಡಿಗಳ ಸಾಲು. ಇದರಲ್ಲಿ ತಾಯಿ ಹೇಳಿದ್ದೆಷ್ಟು, ತಾವು ಸೇರಿಸಿದ್ದೆಷ್ಟು ಎಂಬುದು ಅವರಿಗೇ ಗೊತ್ತಿರಲಿಲ್ಲ ಎಂದು ನನ್ನ ಎಣಿಕೆ.

ಮಕ್ಕಳು ಗುದ್ದಲಿ ಹಾಕಲಿಲ್ಲ. ಗಾರೆಯವರ ಕರಣೆಯಂಥದ್ದನ್ನು ಹಿಡಿದು, ದೋಸೆ ಎಬ್ಬಿಸುವ ಹಾಗೆ ತೆಳ್ಳಗೆ ಮಣ್ಣು ಕೆರೆದರು. ಕೆರೆದ ಮಣ್ಣನ್ನು ಜರಡಿ ಹಿಡಿದರು. ಗೋಲಿ ಸೋಡಾ ಬಾಟಲಿಯ ಚೂರು, ಅಂಗಿಯ ಒಂದು ಗುಂಡಿ, ದೀಪದ ಗಾಜು ಸಿಕ್ಕವು. ಹೆಂಚಿನ ಚೂರು ಒಂದೂ ಸಿಗಲಿಲ್ಲ. ಆಮೇಲೆ ಕೆಂಪು ನೆಲದಲ್ಲಿ ಕಪ್ಪಗೆ ದುಂಡಗೆ ನಾಲ್ಕು ಗುರುತು ಕಂಡವು. ಕಂಬ ಕೊಳೆತುಹೋದ ಕಡೆ ಮಣ್ಣಿನ ಬಣ್ಣ ಹಾಗೆ ಉಳಿಯುತ್ತದಂತೆ. ನಾಲ್ಕು ಮೂಲೆಗೆ ನಾಲ್ಕು ಕಂಬ, ಮೇಲೆ ಹುಲ್ಲು. ಅಗಲ ಒಂದು ಮಾರು, ಉದ್ದ ಅದಕ್ಕಿಂತ ಸ್ವಲ್ಪ ಹೆಚ್ಚು. ಸುತ್ತಲೂ ಕೆರೆದು ನೋಡಿದರು, ಬೇರೆ ಕಂಬದ ಗುರುತೇ ಇರಲಿಲ್ಲ.

ಆ ನಾಲ್ಕು ಗುರುತನ್ನು ಕಂಡುಹಿಡಿದವಳು ಅರ್ಷಿಯಾ. ಅವತ್ತು ಅವಳು ಊಟ ಮಾಡಲಿಲ್ಲ. ಶಿಬಿರ ಮುಗಿಯುವ ಭಾನುವಾರ ಊರವರನ್ನೆಲ್ಲ ಕರೆದು ತೋರಿಸುವ ಪದ್ಧತಿ. ಯಾರು ಎಲ್ಲಿ ಕೆಲಸ ಮಾಡಿದರೋ ಅವರೇ ನಿಂತು ವಿವರಿಸಬೇಕು. ಸಾಹೇಬರು ಹೆಂಡತಿಯ ಅಣ್ಣನಿಗೆ ಆಗಲೇ ಹೇಳಿ ಕಳಿಸಿಬಿಟ್ಟಿದ್ದರು.

ಶುಕ್ರವಾರ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ವಾಣಿ ಮೇಡಂ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಚೌಕದ ಎರಡು ಗೂಟಗಳು ಒಂದೊಂದು ಮಾರು ಆಚೆಗೆ ಹೋಗಿದ್ದವು. ಅವರ ಅಳತೆಯೆಲ್ಲ ಆ ಗೂಟಗಳಿಂದಲೇ. ದನ ಎಳೆದಿರಬೇಕು ಎಂದು ಯಾರೋ ಅಂದರು. ಅರ್ಷಿಯಾ ಬಗ್ಗಿ ದಾರದ ಗಂಟು ನೋಡಿದಳು. ಲಾರಿಗೆ ಟಾರ್ಪಾಲು ಬಿಗಿಯುವಾಗ ಹಾಕುವ ಗಂಟು ಅದು. ತಾನೇ ಬಿಚ್ಚಿದಳು.

ಮನೆ ಕಟ್ಟುವಾಗ ಪಾಯಕ್ಕೆ ಗೂಟ ಹೊಡೆದು ದಾರ ಎಳೆಯುತ್ತಾರಲ್ಲ, ಇದೂ ಹಾಗೇ, ದಾರ ಎಷ್ಟಿದೆಯೋ ಅಂಗಡಿಯೂ ಅಷ್ಟೇ ಎಂದು ತಿಳಿದು ಸಾಹೇಬರೇ ರಾತ್ರಿ ಬಂದು ಗೂಟ ಸರಿಸಿದ್ದರು. ಅಗೆಯುವುದಕ್ಕೆಂದು ಮಾಡಿಕೊಂಡ ಚೌಕ ಅದು, ಅಂಗಡಿಯ ಗಡಿ ಅಲ್ಲ ಎಂದು ಮೇಡಂ ಬಿಡಿಸಿ ಹೇಳಿದರು. ಬೈಯಲಿಲ್ಲ. ಅರ್ಧ ದಿನ ಮತ್ತೆ ಅಳೆದರು. ಸಾಹೇಬರು ಬಂದು ನನ್ನ ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ಒಂದು ಮಾರು ಜಾಸ್ತಿ ಆದ್ರೆ ಯಾರ ಗಂಟು ಹೋಯ್ತದೆ ಈರಕ್ಕ? ಕಾಡು ಜಾಗ.”

“ಮೊಮ್ಮಗಳು ಸುಳ್ಳು ಹೇಳ್ಬೇಕಾಯ್ತದಲ್ಲ ಸಾಹೇಬ್ರೆ.”

“ಅವಳು ಬ್ಯಾಡ. ನೀನು ಹೇಳು. ಕಣ್ಣಲ್ಲಿ ಕಂಡವಳು ನೀನು. ದೊಡ್ಡದಿತ್ತು ಅಂದುಬುಡು, ಮುಗೀತು.”

“ನಾನು ಉಪ್ಪಿಗೆ ಬಂದವಳು, ಅಳೆಯೋಕೆ ಬಂದವಳಲ್ಲ,” ಎಂದೆ. ಅವರಿಗೆ ಕೋಪ ಬಂತು. ಮರುದಿನ ತರಕಾರಿಯನ್ನು ಬಾಗಿಲಲ್ಲೇ ಇಟ್ಟು ಹೋದರು.

ಶನಿವಾರ ಅರ್ಷಿಯಾ ಬಂದು ಈರುಳ್ಳಿ ಸುಲಿಯುತ್ತಾ, ನಾಳೆ ನನ್ನ ಬದಲು ನಮ್ಮ ಕ್ಲಾಸಿನ ದೀಪಶ್ರೀ ಹೇಳಿದರೆ ಆಗುತ್ತಾ ಅಜ್ಜಿ ಎಂದು ಕೇಳಿದಳು. ಬೇರೆಯವರ ಬಾಯಲ್ಲಿ ಕೇಳಿದರೆ ನಿಮ್ಮ ದಾದಾನಿಗೆ ಇನ್ನೂ ಕಷ್ಟ ಎಂದೆ. ಅವಳು ಇನ್ನೊಂದು ಈರುಳ್ಳಿ ಎತ್ತಿಕೊಂಡಳು.

ಭಾನುವಾರ ಬಂದವರಲ್ಲಿ ಸುತ್ತಿನ ಲೈನಿನವರೇ ಹೆಚ್ಚು. ಅಖ್ತರುನ್ನೀಸಾ ಅಣ್ಣನ ಕಾರಿನಲ್ಲಿ ಬಂದಿಳಿದರು. ಅರ್ಷಿಯಾ ಚೌಕದ ಪಕ್ಕ ನಿಂತು, ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಸರಿಯಾಗಿ ಹೇಳಿದಳು. ಇದು ನನ್ನ ಮುತ್ತಜ್ಜನ ಅಂಗಡಿ. ನಾಲ್ಕು ಕಂಬ. ಹುಲ್ಲಿನ ಮಾಡು. ಇಷ್ಟೇ ಅಗಲ, ಇಷ್ಟೇ ಉದ್ದ. ಒಂದು ಅಂಗುಲವನ್ನೂ ಸೇರಿಸಲಿಲ್ಲ, ಕಳೆಯಲಿಲ್ಲ.

ಆ ಅಣ್ಣ ಇಣುಕಿ ನೋಡಿದರು. “ನನ್ನ ಕಾರೂ ಹಿಡಿಯಲ್ವಲ್ಲ ಮಾರಾಯ ಇದ್ರಲ್ಲಿ,” ಎಂದರು. ಕೆಲವರು ನಕ್ಕರು. ಅಖ್ತರುನ್ನೀಸಾ ಸೆರಗು ಸರಿಮಾಡಿಕೊಂಡು, “ಹಿಡಿಯದಿದ್ರೆ ರಸ್ತೇಲಿ ನಿಲ್ಲಿಸು ಭಾಯಿ, ಅಂಗಡಿಗೆ ಬರೋರು ನಡ್ಕೊಂಡೇ ಬರ್ತಿದ್ರು,” ಎಂದರು. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಬಡಿಸಿ ಮುಗಿಸಿ ನೋಡಿದರೆ ಸಾಹೇಬರು ಎಲೆಯ ಮುಂದೆ ಇರಲಿಲ್ಲ. ಮಧ್ಯಾಹ್ನದ ಮೇಲೆ ಆ ಗುಂಡಿಯನ್ನು ಮತ್ತೆ ಮಣ್ಣು ಹಾಕಿ ಮುಚ್ಚುವುದಿತ್ತು. ಹಾಗೇ ಬಿಟ್ಟರೆ ಮಳೆಗೆ ಕೊಚ್ಚಿಹೋಗುತ್ತದೆ. ನಾನು ನೀರಿನ ಚೊಂಬು ಹಿಡಿದು ಅಲ್ಲಿಗೆ ಹೋದೆ. ಅವರು ಚಪ್ಪಲಿ ಮೇಲೆ ಬಿಟ್ಟು ಒಳಗೆ ಇಳಿದಿದ್ದರು. ನಾಲ್ಕು ಕಪ್ಪು ಗುರುತುಗಳ ನಡುವೆ ನಿಂತು ಎರಡೂ ಕೈ ಚಾಚಿದರು. ಬೆರಳ ತುದಿ ಈ ಕಂಬದಿಂದ ಆ ಕಂಬಕ್ಕೆ ಮುಟ್ಟಿದಂತೆಯೇ ಆಯಿತು. ಕೈ ಇಳಿಸಿ, ಇಲ್ಲಿ ಉಪ್ಪಿನ ಮೂಟೆ, ಇಲ್ಲಿ ಬೆಲ್ಲ, ಇಲ್ಲಿ ಸೀಮೆಎಣ್ಣೆ ಡಬ್ಬ ಎಂದು ತಮ್ಮಷ್ಟಕ್ಕೆ ಒಂದೊಂದು ಕಡೆ ಕಾಲಿನಿಂದ ತೋರಿಸಿಕೊಂಡರು. ಉಳಿದ ಜಾಗವನ್ನು ಬಹಳ ಹೊತ್ತು ನೋಡಿದರು.

ನನ್ನನ್ನು ಕಂಡರೂ ಮೇಲೆ ಬರಲಿಲ್ಲ. ನೀರನ್ನೂ ತೆಗೆದುಕೊಳ್ಳಲಿಲ್ಲ.

“ಈರಕ್ಕ, ದೊಡ್ಡದು ಚಿಕ್ಕದು ಬುಡು,” ಎಂದರು. “ನಂಗೆ ಅವರ ಮುಖಾನೇ ನೆನಪಿಲ್ಲ. ನೀನು ಬರ್ತಿದ್ದಾಗ ನಮ್ಮಪ್ಪಂಗೆ ಇದ್ರೊಳಗೆ ಕೂತ್ಕೊಳ್ಳೋಕೆ ಜಾಗ ಇತ್ತಾ, ದಿನಾ ನಿಂತೇ ಇರ್ತಿದ್ರಾ?”